ಎಣ್ಣೆ ತೇಲುವ ಮೊದಲು ಹನಿಗಳು ಕೂಡಬೇಕು

ಒಂಬತ್ತನೇ ತರಗತಿಯ ಮಿಶ್ರಣಗಳ ಪಾಠದಲ್ಲಿ ‘ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ತೇಲುತ್ತದೆ’ ಎಂದು ಹೇಳಿ ಮುಂದೆ ಹೋಗುವುದು ವಾಡಿಕೆ. ದೇವದುರ್ಗ ತಾಲ್ಲೂಕಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ನಾನು ಶೇಂಗಾ ಎಣ್ಣೆ ಮತ್ತು ನೀರನ್ನು ಬಾಟಲಿಯಲ್ಲಿ ಕುಲುಕಿ ಇಟ್ಟಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಹಗುರ ಇದ್ರ ಎಲ್ಲಾ ಹನಿ ಒಮ್ಮೆಲೆ ಯಾಕ ಮ್ಯಾಲ ಬರವಲ್ಲವು, ಸರ್?” ಪಾಠದ ತಿರುಳು ಈ ಪ್ರಶ್ನೆಯಲ್ಲೇ ಇದೆ.

ಸ್ಟೋಕ್ಸ್ ನಿಯಮದಂತೆ, ಸಣ್ಣ ಹನಿಯ ವ್ಯಾಸ ಇಮ್ಮಡಿಯಾದರೆ ಅದು ಏರುವ ವೇಗ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹನಿಗಳು ಕೂಡುವುದು ಮುಖ್ಯ. ಎರಡು ಹನಿಗಳ ನಡುವಿನ ನೀರಿನ ತೆಳುಪೊರೆ ಸರಿದು ಹರಿದಾಗ ಅವು ಒಂದಾಗುತ್ತವೆ. 0.1 ಮಿ.ಮೀ. ವ್ಯಾಸದ 8 ಹನಿಗಳು ಸೇರಿದರೆ 0.2 ಮಿ.ಮೀ. ವ್ಯಾಸದ ಒಂದು ಹನಿ. ಒಟ್ಟು ಮೇಲ್ಮೈ ವಿಸ್ತೀರ್ಣ ಅರ್ಧಕ್ಕೆ ಇಳಿಯುತ್ತದೆ, ಮೇಲ್ಮೈ ಶಕ್ತಿಯೂ ಇಳಿಯುತ್ತದೆ. ಸಾಬೂನು ಹಾಕಿದರೆ ಅದರ ಅಣುಗಳು ಹನಿಯನ್ನು ಸುತ್ತುವರಿದು ಈ ಕೂಡುವಿಕೆಯನ್ನೇ ತಡೆಯುತ್ತವೆ.

ತೈಲ ಸಂಸ್ಕರಣಾಗಾರಗಳಿಗೆ ಬರುವ ಕಚ್ಚಾ ತೈಲದಲ್ಲಿ ಇದು ತಿರುವುಮುರುವು: ತೈಲದೊಳಗೆ ಉಪ್ಪುನೀರಿನ ಹನಿಗಳಿರುತ್ತವೆ. ತೈಲದಲ್ಲಿರುವ ಆಸ್ಫಾಲ್ಟೀನುಗಳು ಸಾಬೂನಿನಂತೆ ಅವನ್ನು ಸುತ್ತುವರಿಯುತ್ತವೆ. ಅಲ್ಲಿ ಬಿಸಿ, ರಾಸಾಯನಿಕ ಮತ್ತು ವಿದ್ಯುತ್ ಕ್ಷೇತ್ರದ ಸಹಾಯದಿಂದ ಹನಿಗಳನ್ನು ಕೂಡಿಸುತ್ತಾರೆ. ದೊಡ್ಡದಾದ ನೀರಿನ ಹನಿ ತಳಕ್ಕಿಳಿಯುತ್ತದೆ.

ರಾಯಚೂರು ನಗರವಿರಲಿ, ಮಾನ್ವಿಯ ಹಳ್ಳಿಯಿರಲಿ, ಪ್ರತ್ಯೇಕಿಸುವ ಆಲಿಕೆ ಇಲ್ಲದ ಶಾಲೆಯಲ್ಲೂ ಎರಡು ಬಾಟಲಿ ಸಾಕು. ಒಂದಕ್ಕೆ ಮಾತ್ರ ಸಾಬೂನು ನೀರು. ಮಕ್ಕಳು ಪ್ರತಿ ನಿಮಿಷ ಚಿತ್ರ ಬರೆಯಲಿ. ಮೌಲ್ಯಮಾಪನದಲ್ಲಿ ‘ಯಾವುದು ತೇಲುತ್ತದೆ?’ ಎನ್ನುವ ಬದಲು ‘ಯಾವ ಬಾಟಲಿ ಮೊದಲು ತಿಳಿಯಾಯಿತು, ಏಕೆ?’ ಎಂದು ಕೇಳೋಣ.