ಹೆದ್ದಾರಿ ಸುಂಕದ ಲೆಕ್ಕಾಚಾರ

ಸಾಗುವ ಸರಕಿನ ಮೇಲೆ ಸುಂಕ ಪಡೆಯುವ ಪದ್ಧತಿ ಕನ್ನಡಿಗರಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ 'ಪೆರ್ಜುಂಕ'ದ ಅಧಿಕಾರಿಗಳ ಉಲ್ಲೇಖವುಂಟು. ಅಂದು ಅದು ಅರಸನ ಆದಾಯವಾಗಿದ್ದಿತು. ಇಂದಿನ ಹೆದ್ದಾರಿ ಸುಂಕವು ರಸ್ತೆಗೆ ತೊಡಗಿಸಿದ ಬಂಡವಾಳವನ್ನು ಮರಳಿ ಪಡೆಯುವ ಸಾಧನ. ಆದುದರಿಂದ ಅದು ಫಲಿಸುವುದೇ ಎಂಬುದನ್ನು ಮೊದಲೇ ಪರಿಶೀಲಿಸಬೇಕಾಗುತ್ತದೆ.

ಹೈದರಾಬಾದನ್ನು ಸುತ್ತುವರಿದಿರುವ 158 ಕಿಲೋಮೀಟರು ಉದ್ದದ ಹೊರವರ್ತುಲ ರಸ್ತೆ ಇದಕ್ಕೆ ತಕ್ಕ ನಿದರ್ಶನ. ಇಲ್ಲಿ ಕ್ರಮಿಸಿದ ದೂರಕ್ಕನುಸಾರವಾಗಿ ಸುಂಕ ತೆರಬೇಕು. ಮಗ್ಗುಲಲ್ಲಿಯೇ ಸುಂಕವಿಲ್ಲದ ಸೇವಾ ರಸ್ತೆಯೂ ಇದೆ. ಆದಕಾರಣ ವಾಹನಗಳನ್ನು ಎಣಿಸಿದರೆ ಸಾಲದು. ಉಳಿಯುವ ಸಮಯಕ್ಕಾಗಿ ಹಣ ಕೊಡಲು ಎಷ್ಟು ಮಂದಿ ಒಪ್ಪುವರು, ದರವೇರಿದರೆ ಎಷ್ಟು ಮಂದಿ ಪಕ್ಕದ ದಾರಿ ಹಿಡಿಯುವರು ಎಂಬುದನ್ನೂ ಅಳೆಯಬೇಕು.

2023ರಲ್ಲಿ ಈ ರಸ್ತೆಯ ಸುಂಕದ ಹಕ್ಕನ್ನು, ನಿರ್ವಹಣೆಯ ಹೊಣೆಯೊಡನೆ, 30 ವರ್ಷಗಳ ಅವಧಿಗೆ 7,380 ಕೋಟಿ ರೂಪಾಯಿಗಳಿಗೆ ಖಾಸಗಿ ಸಂಸ್ಥೆಗೆ ವಹಿಸಲಾಯಿತು. ಸುಮ್ಮನೆ ಭಾಗಿಸಿದರೆ ಇದು ವರ್ಷಕ್ಕೆ 246 ಕೋಟಿ ಮಾತ್ರ. ಆದರೆ ಮುಂಗಡವಾಗಿ ತೆತ್ತ ಹಣಕ್ಕೆ ಶೇಕಡಾ 10ರಂತೆ ಬಡ್ಡಿ ಹಿಡಿದರೆ, ದುರಸ್ತಿಯ ವೆಚ್ಚ ಕಳೆದು, ವರ್ಷಂಪ್ರತಿ ಸುಮಾರು 783 ಕೋಟಿ ಉಳಿಯಬೇಕು. ಸಂಚಾರದ ಅಂದಾಜು ಕಡಿಮೆಯಾದರೆ ಸಾರ್ವಜನಿಕ ಸ್ವತ್ತು ಅಗ್ಗಕ್ಕೆ ಹೋದಂತೆ. ಹೆಚ್ಚಾದರೆ ದುರಸ್ತಿಗೆ ಹಣ ಸಾಲದು. ಅಂದಾಜಿನ ತಪ್ಪನ್ನು ಒಂದು ತಲೆಮಾರು ಹೊರಬೇಕಾದೀತು.