ಕೊಪ್ಪಳ ಸೀಮೆಯ ಕಾಲೇಜು ವಿದ್ಯಾರ್ಥಿಗಳ ಇಂಗ್ಲಿಷು: ಬರೆವಣಿಗೆ ಮತ್ತು ಶ್ರವಣಶಕ್ತಿಯ ಮೌಲ್ಯಮಾಪನ

೧. ಪೀಠಿಕೆ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣನಗರವೂ ಒಂದು. ಇಂದಿನ ಕೊಪ್ಪಳವೇ ಆ ಕೊಪಣ. ಆ ಗ್ರಂಥದ ಮೊದಲನೆಯ ಪರಿಚ್ಛೇದವು ಕಾವ್ಯಭಾಷೆಯ ದೋಷಾದೋಷಗಳ ವಿಚಾರಕ್ಕೆ ಮೀಸಲಾಗಿದೆ. ಒಬ್ಬನ ಮಾತು ಎಲ್ಲಿ ಶುದ್ಧ, ಎಲ್ಲಿ ಅಶುದ್ಧ, ಯಾವ ದೋಷ ಕ್ಷಮ್ಯ, ಯಾವುದು ಅಲ್ಲ ಎಂಬ ವಿವೇಚನೆ ಈ ನಾಡಿಗೆ ಹೊಸದಲ್ಲವೆಂದಾಯಿತು. ಇಂದು ಅದೇ ನಾಡಿನ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾಗಳ ಕಾಲೇಜುಗಳಲ್ಲಿ ಅಧ್ಯಾಪಕರು ಪ್ರತಿ ಸೆಮಿಸ್ಟರಿನಲ್ಲಿಯೂ ಮತ್ತೊಂದು ಭಾಷೆಯನ್ನು, ಎಂದರೆ ವಿದ್ಯಾರ್ಥಿಗಳ ಇಂಗ್ಲಿಷನ್ನು, ತೂಗಿ ಅಂಕ ಕೊಡುತ್ತಿದ್ದಾರೆ. ಆ ತೂಕದ ಕಲ್ಲು ಸರಿಯಾಗಿದೆಯೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಇಂಗ್ಲಿಷಿನಲ್ಲಿ ಉತ್ತಮ ಅಂಕ ಪಡೆದು ಪದವೀಧರನಾದ ತರುಣನು ಸಂದರ್ಶನದಲ್ಲಿ ಕೇಳಿದ ಪ್ರಶ್ನೆಯನ್ನೇ ಗ್ರಹಿಸಲಾರದೆ ಹಿಂದಿರುಗಿದರೆ, ಅವನ ಅಂಕಪಟ್ಟಿ ಅವನಿಗೆ ಸುಳ್ಳು ಭರವಸೆ ಕೊಟ್ಟಂತಾಯಿತು. ಇದಕ್ಕೆ ವಿರುದ್ಧವಾಗಿ, ಹೇಳಬೇಕಾದುದನ್ನು ತನ್ನ ಸರಳ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದ ವಿದ್ಯಾರ್ಥಿನಿಯು ನಾಲ್ಕು ಕಾಗುಣಿತದ ತಪ್ಪುಗಳಿಗಾಗಿ ಅನುತ್ತೀರ್ಣಳಾದರೆ, ಅದೂ ಅನ್ಯಾಯವೇ.

೨. ಈ ಸೀಮೆಯ ಭಾಷಾಪರಿಸರ

ಈ ನಾಲ್ಕು ತಾಲ್ಲೂಕುಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ೧೯೫೬ರಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಕೂಡಿದವು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದುವು. ಕುಕನೂರು, ಕಾರಟಗಿ, ಕನಕಗಿರಿಗಳು ಅನಂತರ ತಾಲ್ಲೂಕುಗಳಾದುವು. ಸಂಸ್ಥಾನದ ಕಾಲದಲ್ಲಿ ಉನ್ನತ ಶಿಕ್ಷಣದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನ ಮಾಧ್ಯಮವಾಗಿಟ್ಟು, ಇಂಗ್ಲಿಷನ್ನು ಕಡ್ಡಾಯ ವಿಷಯವನ್ನಾಗಿ ಕಲಿಸಿತು. ಹೀಗಾಗಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಪುಸ್ತಕದಲ್ಲಿ ಮಾತ್ರ ಇಂಗ್ಲಿಷು ಎಂಬ ಸ್ಥಿತಿ ಇಲ್ಲಿ ಬಹುಕಾಲ ನಡೆಯಿತು. ಮದರಾಸು ಮತ್ತು ಮುಂಬಯಿ ಪ್ರಾಂತಗಳಿಗೆ ಸೇರಿದ್ದ ನೆರೆಯ ಜಿಲ್ಲೆಗಳಲ್ಲಿ ಕಚೇರಿ, ನ್ಯಾಯಾಲಯಗಳ ಮೂಲಕ ಇಂಗ್ಲಿಷು ಕಿವಿಗೆ ಬಿದ್ದಷ್ಟು ಇಲ್ಲಿ ಬೀಳಲಿಲ್ಲ.

ಇಂದಿಗೂ ತರಗತಿಯೊಂದರಲ್ಲಿ ಕುಳಿತವರ ಮನೆಮಾತು ಒಂದೇ ಅಲ್ಲ. ಬಹುಪಾಲು ಕನ್ನಡವಾದರೂ, ಕೊಪ್ಪಳ ಮತ್ತು ಗಂಗಾವತಿ ಪಟ್ಟಣಗಳಲ್ಲಿ ಉರ್ದು, ತುಂಗಭದ್ರಾ ಕಾಲುವೆ ಬಂದ ಮೇಲೆ ನೆಲೆಗೊಂಡ ಗಂಗಾವತಿ ಸೀಮೆಯ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತು ಕೇಳಿಬರುತ್ತವೆ. ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಕಲಿಸುವ ಕ್ರಮ ೨೦೦೭ರಲ್ಲಿ ಆರಂಭವಾಯಿತು. ಆದುದರಿಂದ ಇಂದಿನ ವಿದ್ಯಾರ್ಥಿಗಳು ಹತ್ತಾರು ವರ್ಷ ಇಂಗ್ಲಿಷನ್ನು ಓದಿಯೇ ಕಾಲೇಜಿಗೆ ಬರುತ್ತಾರೆ. ಸಂವಿಧಾನದ ೩೭೧(ಜೆ) ವಿಧಿಯು ಜಾರಿಗೆ ಬಂದ ೨೦೧೩ರಿಂದ ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ದೊರೆತಿದೆ. ಬಾಗಿಲು ತೆರೆದಿದೆ. ಒಳಹೊಕ್ಕವನು ಅಲ್ಲಿ ಆಡುವ ಮಾತನ್ನು ತಿಳಿಯಬಲ್ಲನೆ, ತಿಳಿದುದನ್ನು ಬರೆಯಬಲ್ಲನೆ ಎಂಬುದನ್ನು ಮಾತ್ರ ಕಾಲೇಜೇ ಮೊದಲು ಅಳೆದು ನೋಡಬೇಕು.

೩. ಪರೀಕ್ಷೆಗೆ ಇರಬೇಕಾದ ಎರಡು ಗುಣಗಳು

ಯಾವುದೇ ಪರೀಕ್ಷೆಗೆ ಎರಡು ಗುಣಗಳು ಅಗತ್ಯ. ಮೊದಲನೆಯದು ಸಪ್ರಮಾಣತೆ: ಏನನ್ನು ಅಳೆಯುವೆನೆಂದು ಹೇಳುವುದೋ ಅದನ್ನೇ ಅಳೆಯುವುದು. ಎರಡನೆಯದು ವಿಶ್ವಸನೀಯತೆ: ಯಾರು ಅಳೆದರೂ, ಎಂದು ಅಳೆದರೂ ಫಲ ಹೆಚ್ಚುಕಡಮೆ ಒಂದೇ ಆಗಿರುವುದು. ಜೋಳವನ್ನು ಅಳೆಯುವ ಸೇರು ಒಂದು ಅಂಗಡಿಯಲ್ಲಿ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು ಆಗಿದ್ದರೆ ವಿಶ್ವಸನೀಯತೆ ತಪ್ಪಿತು. ಸೇರು ಸರಿಯಾಗಿದ್ದರೂ ಅದರಿಂದ ಬಟ್ಟೆಯ ಉದ್ದವನ್ನು ಅಳೆಯಹೊರಟರೆ ಸಪ್ರಮಾಣತೆ ತಪ್ಪಿತು.

ನಮ್ಮ ಇಂಗ್ಲಿಷು ಪರೀಕ್ಷೆಗಳಲ್ಲಿ ಈ ಎರಡನೆಯ ಬಗೆಯ ದೋಷವೇ ಮುಖ್ಯವಾದುದು. ಪಠ್ಯದಲ್ಲಿರುವ ಪ್ರಬಂಧ ಅಥವಾ ಪದ್ಯದ ಸಾರಾಂಶವನ್ನು ಕೇಳಿದರೆ, ವಿದ್ಯಾರ್ಥಿಯು ಗೈಡಿನಲ್ಲಿ ಓದಿ ಕಂಠಸ್ಥ ಮಾಡಿದುದನ್ನು ಒಪ್ಪಿಸುತ್ತಾನೆ. ಅಂಥ ಉತ್ತರ ನಿರ್ದುಷ್ಟವಾಗಿದ್ದರೂ ಅದು ತೋರಿಸುವುದು ಸ್ಮರಣಶಕ್ತಿಯನ್ನು, ಬರೆವಣಿಗೆಯ ಶಕ್ತಿಯನ್ನಲ್ಲ. ಶ್ರವಣವಂತೂ ಬರೆಹದ ಪರೀಕ್ಷೆಯ ಎಲ್ಲೆಯ ಆಚೆಗೇ ಉಳಿಯುತ್ತದೆ. ಪರೀಕ್ಷಿಸದಿರುವುದನ್ನು ಕಲಿಸುವವರೂ ಕಡಮೆ, ಕಲಿಯುವವರೂ ಕಡಮೆ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಗಳ ಸುಧಾರಣೆಯೇ ಆಗಬೇಕೆಂದು ೧೯೪೯ರಲ್ಲಿಯೇ ಅಭಿಪ್ರಾಯಪಟ್ಟಿತ್ತು.

ವಿಶ್ವಸನೀಯತೆಯ ಕೊರತೆಯೂ ಸಣ್ಣದಲ್ಲ. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿದ್ದ ಫಿಲಿಪ್ ಹಾರ್ಟಾಗ್ ಅವರು ರೋಡ್ಸ್ ಅವರೊಡನೆ ಇಂಗ್ಲೆಂಡಿನ ಪರೀಕ್ಷೆಗಳನ್ನು ಶೋಧಿಸಿ ೧೯೩೫ರಲ್ಲಿ ಪ್ರಕಟಿಸಿದ ವರದಿಯು, ಅದೇ ಪರೀಕ್ಷಕನೇ ಅದೇ ಉತ್ತರಪತ್ರಿಕೆಗೆ ಬೇರೆ ಸಮಯದಲ್ಲಿ ಬೇರೆ ತೀರ್ಪು ಕೊಡುವುದುಂಟೆಂದು ತೋರಿಸಿತು. ಅಮೆರಿಕದಲ್ಲಿ ಡೀಡೆರಿಕ್ ಮತ್ತು ಅವರ ಸಹಕಾರಿಗಳು ೧೯೬೧ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ೩೦೦ ಪ್ರಬಂಧಗಳನ್ನು ೫೩ ಮಂದಿ ಓದಿ ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿದರು. ಅವರಿಗೆ ಯಾವ ಸಾಮಾನ್ಯ ಅಳತೆಗೋಲನ್ನೂ ಕೊಟ್ಟಿರಲಿಲ್ಲ. ನೂರಕ್ಕೆ ೯೪ ಪ್ರಬಂಧಗಳು ಕನಿಷ್ಠಪಕ್ಷ ಏಳು ಬೇರೆ ಬೇರೆ ದರ್ಜೆಗಳನ್ನು ಪಡೆದುವು. ಒಬ್ಬ ಓದುಗನು ವಿಚಾರಕ್ಕೆ ಬೆಲೆ ಕೊಟ್ಟರೆ ಇನ್ನೊಬ್ಬನು ಜೋಡಣೆಗೆ, ಮತ್ತೊಬ್ಬನು ಕಾಗುಣಿತಕ್ಕೆ ಬೆಲೆ ಕೊಟ್ಟುದೇ ಇದಕ್ಕೆ ಮುಖ್ಯ ಕಾರಣ.

೪. ಬರೆವಣಿಗೆಯ ಅಳತೆ

ಬರೆವಣಿಗೆಯ ಪರೀಕ್ಷೆಯಲ್ಲಿ ಮೊದಲು ಸರಿಪಡಿಸಬೇಕಾದುದು ಪ್ರಶ್ನೆ. ಯಾರಿಗೆ, ಏಕೆ, ಏನನ್ನು ಬರೆಯಬೇಕೆಂಬುದು ಪ್ರಶ್ನೆಯಲ್ಲಿಯೇ ಸ್ಪಷ್ಟವಾಗಿರಬೇಕು. ‘ಕುಷ್ಟಗಿಯಿಂದ ಕೊಪ್ಪಳಕ್ಕೆ ಬರುವಾಗ ನಿಮ್ಮ ಬಸ್ ಪಾಸು ಕಳೆದಿದೆ. ಹೊಸ ಪಾಸಿಗಾಗಿ ಡಿಪೋ ಮ್ಯಾನೇಜರರಿಗೆ ಹತ್ತು ಸಾಲಿನ ಪತ್ರ ಬರೆಯಿರಿ’ ಎಂದು ಕೇಳಿ, ದಿನಾಂಕ, ಬಸ್ಸಿನ ವೇಳೆ, ಪಾಸಿನ ಸಂಖ್ಯೆಗಳನ್ನು ಪರೀಕ್ಷೆಯ ದಿನವೇ ಕೊಟ್ಟರೆ, ಬಾಯಿಪಾಠದ ಉತ್ತರಕ್ಕೆ ಎಡೆಯಿರುವುದಿಲ್ಲ. ವಿಷಯದ ಆಯ್ಕೆಯಲ್ಲಿಯೂ ಸಮತೆ ಬೇಕು. ಭತ್ತದ ನಾಟಿಯನ್ನು ವರ್ಣಿಸಿರೆಂದರೆ ನೀರಾವರಿಯ ಗಂಗಾವತಿಯವರಿಗೆ ಅನುಕೂಲ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳವರಿಗೆ ಅದು ಪರಕೀಯ. ಕಡಲತೀರದ ವಿಹಾರವೆಂದರೆ ನಾಲ್ಕೂ ತಾಲ್ಲೂಕುಗಳಿಗೆ ಪರಕೀಯ. ಸಂತೆ, ಬಸ್ಸಿನ ಪ್ರಯಾಣ, ಗ್ರಂಥಾಲಯ, ಗವಿಮಠದ ಜಾತ್ರೆ ಇಂಥವು ಎಲ್ಲರಿಗೂ ಪರಿಚಿತವಾದುವು. ವಿಷಯ ಗೊತ್ತಿಲ್ಲದುದರಿಂದ ಬರೆಯದವನನ್ನು ಭಾಷೆ ಗೊತ್ತಿಲ್ಲದವನೆಂದು ಭಾವಿಸಬಾರದು.

ಎರಡನೆಯದಾಗಿ, ಅಂಕಗಳನ್ನು ಹಂಚುವ ಕ್ರಮ ಮೊದಲೇ ನಿಶ್ಚಯವಾಗಿರಬೇಕು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗಾಗಿ ಜೇಕಬ್ಸ್ ಮತ್ತಿತರರು ೧೯೮೧ರಲ್ಲಿ ಪ್ರಕಟಿಸಿದ ಮಾಪಕದಲ್ಲಿ ವಿಷಯಕ್ಕೆ ೩೦, ಜೋಡಣೆಗೆ ೨೦, ಶಬ್ದಸಂಪತ್ತಿಗೆ ೨೦, ವ್ಯಾಕರಣ ಮತ್ತು ವಾಕ್ಯರಚನೆಗೆ ೨೫, ಕಾಗುಣಿತ ಮತ್ತು ವಿರಾಮಚಿಹ್ನೆಗಳಿಗೆ ೫, ಹೀಗೆ ೧೦೦ ಅಂಕಗಳು ಹಂಚಲ್ಪಟ್ಟಿವೆ. ಇದನ್ನು ಹಾಗೆಯೇ ಸ್ವೀಕರಿಸಬೇಕಾಗಿಲ್ಲ. ಆದರೆ ಕಾಗುಣಿತಕ್ಕೆ ಐದೇ ಅಂಕವಿರುವುದು ಗಮನಿಸತಕ್ಕದ್ದು. ಕೆಂಪು ಮಸಿಯ ಗೆರೆಗಳನ್ನು ಎಣಿಸಿ ಅಂಕ ಕಳೆಯುವ ರೂಢಿಯಲ್ಲಿ ಈ ಐದೇ ಅಂಕಗಳ ಭಾಗವು ಉಳಿದೆಲ್ಲವನ್ನೂ ನುಂಗುವುದುಂಟು.

ಮೂರನೆಯದಾಗಿ, ಎಲ್ಲ ತಪ್ಪುಗಳೂ ಸಮಾನವಲ್ಲ. ‘ಹಿ ಈಸ್ ಟೀಚರ್’ ಎಂದು ಬರೆದವನು ‘ಎ’ ಎಂಬ ಉಪಪದವನ್ನು ಬಿಟ್ಟಿದ್ದಾನೆ. ಕನ್ನಡದಲ್ಲಿ ಅದಕ್ಕೆ ಸಮನಾದ ಪದವಿಲ್ಲದಿರುವುದೇ ಕಾರಣ. ಅರ್ಥಕ್ಕೆ ಮಾತ್ರ ಹಾನಿಯಿಲ್ಲ. ಆದರೆ ‘ಮೈ ಫಾದರ್ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂಬ ವಾಕ್ಯವನ್ನು ನೋಡಿ. ‘ನಾನು ನಾಳೆ ಬರುತ್ತೇನೆ ಎಂದು ನಮ್ಮ ತಂದೆ ಹೇಳಿದರು’ ಎಂಬ ಕನ್ನಡದಲ್ಲಿ ‘ನಾನು’ ಎಂದರೆ ತಂದೆ. ಇಂಗ್ಲಿಷಿನ ಓದುಗನಾದರೋ ನಾಳೆ ಬರುವವನು ಮಗನೆಂದೇ ತಿಳಿಯುತ್ತಾನೆ. ಇಲ್ಲಿ ಕಾಗುಣಿತ ಶುದ್ಧವಾಗಿದೆ, ಪ್ರತಿಯೊಂದು ಪದವೂ ಸರಿಯಾಗಿದೆ. ಬರುವ ಮನುಷ್ಯನೇ ಬದಲಾಗಿದ್ದಾನೆ. ಅರ್ಥವನ್ನು ಕೆಡಿಸುವ ಇಂಥ ತಪ್ಪಿಗೆ ಹೆಚ್ಚು ಅಂಕ ಕಳೆಯುವುದೂ, ಅರ್ಥವನ್ನು ಕೆಡಿಸದ ತಪ್ಪನ್ನು ಹಗುರವಾಗಿ ಎಣಿಸುವುದೂ ನ್ಯಾಯ. ಕನ್ನಡವನ್ನು ಬಲ್ಲ ಅಧ್ಯಾಪಕನಿಗೆ ಮಾತ್ರ ಈ ತಪ್ಪಿನ ಮೂಲ ಕಾಣುತ್ತದೆಯಾದುದರಿಂದ, ಅದನ್ನು ತಿದ್ದುವ ದಾರಿಯೂ ಅವನಿಗೇ ಸುಲಭ.

ನಾಲ್ಕನೆಯದಾಗಿ, ಒಂದೇ ಪತ್ರಿಕೆಯನ್ನು ಇಬ್ಬರು ಸ್ವತಂತ್ರವಾಗಿ ಓದಬೇಕು. ಇಲ್ಲಿ ಸಂಖ್ಯಾಶಾಸ್ತ್ರದ ಆಧಾರವುಂಟು. ಪೂರ್ಣ ಹೊಂದಾಣಿಕೆಯನ್ನು ೧ ಎಂದು ಹಿಡಿದು, ಒಬ್ಬನೇ ಪರೀಕ್ಷಕನ ಅಂಕಗಳ ವಿಶ್ವಸನೀಯತೆ ೦.೬೦ ಇದೆಯೆಂದು ಭಾವಿಸೋಣ. ಸ್ಪಿಯರ್‌ಮನ್ ಮತ್ತು ಬ್ರೌನ್ ೧೯೧೦ರಲ್ಲಿ ಕೊಟ್ಟ ಸೂತ್ರದಂತೆ, ಇಬ್ಬರ ಸರಾಸರಿಯ ವಿಶ್ವಸನೀಯತೆ ೦.೭೫ ಆಗುತ್ತದೆ, ಮೂವರದು ಸುಮಾರು ೦.೮೨. ಮೊದಲ ಜೊತೆಗಾರನಿಂದ ಆಗುವ ಲಾಭವೇ ದೊಡ್ಡದು. ೨೦ ಅಂಕಗಳ ಪ್ರಶ್ನೆಯಲ್ಲಿ ಇಬ್ಬರ ನಡುವೆ ನಾಲ್ಕಕ್ಕಿಂತ ಹೆಚ್ಚು ಅಂತರ ಬಂದರೆ ಮಾತ್ರ ಮೂರನೆಯವರಿಗೆ ಕಳುಹಿಸಿದರೆ ಸಾಕು. ಕಾಲೇಜಿನಲ್ಲಿ ಇಂಗ್ಲಿಷಿನ ಅಧ್ಯಾಪಕರು ಒಬ್ಬರೇ ಇದ್ದರೆ, ಯಲಬುರ್ಗಾ ಕುಷ್ಟಗಿಗಳು ಪತ್ರಿಕೆಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದು ಅಸಾಧ್ಯವೇನಲ್ಲ.

೫. ಶ್ರವಣದ ಅಳತೆ

ಓದುವವನು ತಿಳಿಯದ ಸಾಲಿಗೆ ಮರಳಿ ಬರಬಹುದು. ಕೇಳುವವನಿಗೆ ಆ ಸೌಕರ್ಯವಿಲ್ಲ. ಮಾತು ಗಾಳಿಯಲ್ಲಿ ಹೋಯಿತೆಂದರೆ ಹೋಯಿತು. ಮೇಲಾಗಿ, ಪುಸ್ತಕದಲ್ಲಿ ಬಿಡಿಬಿಡಿಯಾಗಿ ಕಾಣುವ ಪದಗಳು ಬಾಯಲ್ಲಿ ಕೂಡಿಕೊಳ್ಳುತ್ತವೆ. ‘ಪಿಕ್ ಇಟ್ ಅಪ್’ ಎಂಬುದು ‘ಪಿಕಿಟಪ್’ ಎಂದು ಕೇಳಿಸುತ್ತದೆ. ಕನ್ನಡದಲ್ಲಿ ಸಂಧಿಯನ್ನು ಬಲ್ಲ ವಿದ್ಯಾರ್ಥಿಗೆ ಇದು ವಿಸ್ಮಯವಾಗಬೇಕಿಲ್ಲ. ಇಂಗ್ಲಿಷಿನಲ್ಲಿಯೂ ಮಾತಿನ ಸಂಧಿಯುಂಟೆಂದು ಅವನಿಗೆ ಹೇಳಿದವರಿಲ್ಲ, ಅಷ್ಟೆ. ಇನ್ನು ‘ಥರ್ಟೀನ್’, ‘ಥರ್ಟಿ’ಗಳನ್ನು ಬೇರ್ಪಡಿಸುವುದರಲ್ಲಿ ಒತ್ತಿನ ಸ್ಥಾನಕ್ಕೆ ದೊಡ್ಡ ಪಾತ್ರವಿದೆ. ಕನ್ನಡದಲ್ಲಿ ಒತ್ತು ಪದದ ಅರ್ಥವನ್ನು ಬದಲಿಸುವುದಿಲ್ಲವಾದ ಕಾರಣ ನಮ್ಮ ಕಿವಿ ಅದನ್ನು ಲಕ್ಷಿಸುವುದಿಲ್ಲ. ಪಡುವಣ ದಿಕ್ಕನ್ನೂ ಒಳಅಂಗಿಯನ್ನೂ ಹೇಳುವ ಎರಡು ಇಂಗ್ಲಿಷು ಪದಗಳನ್ನು ಕನ್ನಡ ಲಿಪಿಯಲ್ಲಿ ಒಂದೇ ರೀತಿ ‘ವೆಸ್ಟ್’ ಎಂದು ಬರೆಯುತ್ತೇವೆ. ಲಿಪಿಯಲ್ಲಿಲ್ಲದ ಭೇದವು ಕಿವಿಗೂ ಸುಲಭವಾಗಿ ದಕ್ಕುವುದಿಲ್ಲ.

ಶ್ರವಣಪರೀಕ್ಷೆಗೆ ವಿಶೇಷ ಪ್ರಯೋಗಶಾಲೆ ಬೇಕೆಂಬುದು ತಪ್ಪು ಕಲ್ಪನೆ. ಧ್ವನಿಮುದ್ರಣಕ್ಕೆ ಒಂದು ಮೊಬೈಲ್ ಫೋನು, ಹಿಂದಿನ ಬೆಂಚಿಗೂ ಕೇಳಿಸುವಂಥ ಒಂದು ಸ್ಪೀಕರು ಇದ್ದರಾಯಿತು. ೨೫ ಅಂಕಗಳ ಅರ್ಧಗಂಟೆಯ ಪರೀಕ್ಷೆಯೊಂದನ್ನು ನಾವು ಹೀಗೆ ಸೂಚಿಸುತ್ತೇವೆ. ಕೇಳಿದ ಸಂಖ್ಯೆ, ವೇಳೆ, ಬೆಲೆಗಳನ್ನು ಗುರುತು ಹಾಕಿಕೊಳ್ಳುವುದಕ್ಕೆ ೫, ಸೂಚನೆಗಳನ್ನು ಕೇಳಿ ನಕ್ಷೆಯಲ್ಲಿ ದಾರಿ ತೋರಿಸುವುದಕ್ಕೆ ೫, ಉಕ್ತಲೇಖನಕ್ಕೆ ೫, ಐದು ನಿಮಿಷದ ಉಪನ್ಯಾಸವನ್ನು ಕೇಳಿ ಅದರ ಮುಖ್ಯಾಂಶಗಳನ್ನು ಬರೆಯುವುದಕ್ಕೆ ೧೦. ಉಕ್ತಲೇಖನದಲ್ಲಿ ಒಂದೊಂದೇ ಪದವನ್ನು ಹೇಳದೆ, ಏಳೆಂಟು ಪದಗಳ ತುಣುಕುಗಳನ್ನು ಸಹಜ ವೇಗದಲ್ಲಿ ಓದಬೇಕು. ಅರ್ಥವನ್ನು ಹಿಡಿದವನು ಮಾತ್ರ ಅಷ್ಟು ಪದಗಳನ್ನು ನೆನಪಿನಲ್ಲಿಟ್ಟು ಬರೆಯಬಲ್ಲನು. ಪದವು ಗುರುತು ಸಿಗುವಂತಿದ್ದರೆ ಕಾಗುಣಿತಕ್ಕಾಗಿ ಅಂಕ ಕಳೆಯತಕ್ಕದ್ದಲ್ಲ.

ಉಪನ್ಯಾಸದ ಮುಖ್ಯಾಂಶಗಳನ್ನು ಕನ್ನಡದಲ್ಲಿ ಬರೆಯಲು ಅನುಮತಿಯಿರಬೇಕೆಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷು ಪರೀಕ್ಷೆಯಲ್ಲಿ ಕನ್ನಡವೇ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಅಳೆಯಬೇಕಾದುದು ಶ್ರವಣ. ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದರೆ, ಚೆನ್ನಾಗಿ ಕೇಳಿ ತಿಳಿದೂ ಬರೆಯಲಾರದವನು ಸೋಲುತ್ತಾನೆ. ಸೋತದ್ದು ಕಿವಿಯೊ ಕೈಯೊ ಎಂಬುದು ತಿಳಿಯದೆಹೋಗುತ್ತದೆ. ಉರ್ದು, ತೆಲುಗು ಮನೆಮಾತಿನವರಿಗೆ ಬೇಕಾದರೆ ಗುರುತು ಹಾಕುವ ರೂಪದ ಉತ್ತರಗಳನ್ನು ಕೊಡಬಹುದು. ಮುದ್ರಿತ ಧ್ವನಿಯೂ ಲಂಡನ್ನಿನದೇ ಆಗಬೇಕಾಗಿಲ್ಲ. ಈ ವಿದ್ಯಾರ್ಥಿಗಳು ಮುಂದೆ ಕೇಳಬೇಕಾಗಿರುವುದು ಹೆಚ್ಚಾಗಿ ಬೆಂಗಳೂರು, ಹೈದರಾಬಾದು, ದೆಹಲಿಗಳ ಇಂಗ್ಲಿಷನ್ನು.

೬. ಹೊರಗಿನ ಅನುಭವ

ಚೀನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ೧೯೮೭ರಿಂದ ದೇಶಕ್ಕೆಲ್ಲ ಒಂದೇ ಇಂಗ್ಲಿಷು ಪರೀಕ್ಷೆ ನಡೆಯುತ್ತಿದೆ. ಅಲ್ಲಿಯೂ ವ್ಯಾಕರಣ ಬಲ್ಲವರು ಮಾತು ತಿಳಿಯದವರಾಗಿ ಉಳಿಯುತ್ತಿದ್ದರೆಂಬ ದೂರಿತ್ತು. ೨೦೦೫ರಲ್ಲಿ ಆರಂಭವಾದ ಸುಧಾರಣೆಯಲ್ಲಿ ಶ್ರವಣದ ಪಾಲನ್ನು ನೂರಕ್ಕೆ ೨೦ರಿಂದ ೩೫ಕ್ಕೆ ಏರಿಸಲಾಯಿತು. ಅಂಕಗಳ ಹಂಚಿಕೆ ಬದಲಾದರೆ ಪಾಠದ ಹಂಚಿಕೆಯೂ ಬದಲಾಗುವುದೆಂಬ ನಂಬಿಕೆ ಇದರ ಹಿಂದಿದೆ. ಆದರೆ ಪ್ರಬಂಧದ ಸಿದ್ಧಮಾದರಿಗಳನ್ನು ಉರುಹೊಡೆಯುವ ರೂಢಿ ಅಲ್ಲಿಯೂ ಬೆಳೆಯಿತೆಂಬುದು ನಮಗೆ ಎಚ್ಚರಿಕೆ.

ನಮಗೆ ಇನ್ನೂ ಹತ್ತಿರದ ನಿದರ್ಶನವೂ ಉಂಟು. ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ನಡೆಸಿದ, ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧವಾದ ಪ್ರಯೋಗವು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಅಭ್ಯಾಸಗಳಿಗೆ ಬದಲು ವೇಳಾಪಟ್ಟಿ, ನಕ್ಷೆಗಳಂಥ ಕೆಲಸಗಳ ಮೂಲಕ ಇಂಗ್ಲಿಷನ್ನು ಕಲಿಸಿತು. ಅದರ ಫಲವನ್ನು ಅಳೆದ ಬೆರೆಟ್ಟಾ ಮತ್ತು ಡೇವಿಸ್ ಅವರು ೧೯೮೫ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೇ ಪರೀಕ್ಷೆಯನ್ನು ನೆಚ್ಚದೆ ವಾಕ್ಯರಚನೆ, ಉಕ್ತಲೇಖನ, ಕೇಳಿ ಓದಿ ಗ್ರಹಿಸುವಿಕೆ ಮೊದಲಾದ ಹಲವು ಬಗೆಯ ಪರೀಕ್ಷೆಗಳನ್ನು ಬಳಸಿದರು. ಹೊಸ ಪದ್ಧತಿಗಾಗಲಿ ಹಳೆಯ ಪದ್ಧತಿಗಾಗಲಿ ಪಕ್ಷಪಾತವಾಗಬಾರದೆಂಬುದು ಅವರ ಉದ್ದೇಶ. ಭಾಷಾಶಕ್ತಿಗೆ ಹಲವು ಮುಖಗಳಿರುವಾಗ ಒಂದೇ ಕನ್ನಡಿ ಸಾಲದು.

೭. ಉಪಸಂಹಾರ

ಮೇಲೆ ಹೇಳಿದ ಯಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ, ದೊಡ್ಡ ವೆಚ್ಚವೂ ಇಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳು ಕಾಲೇಜಿನ ಕೈಯಲ್ಲಿಯೇ ಇವೆ. ಪದವಿಯ ಮೊದಲ ತಿಂಗಳಲ್ಲಿ ಒಮ್ಮೆ, ಕೊನೆಯ ವರ್ಷದಲ್ಲಿ ಒಮ್ಮೆ ಇದೇ ಬಗೆಯ ಪರೀಕ್ಷೆಯನ್ನು ನಡೆಸಿ, ಬರೆವಣಿಗೆ ಮತ್ತು ಶ್ರವಣದ ಅಂಕಗಳನ್ನು ಕೂಡಿಸದೆ ಎರಡು ಪ್ರತ್ಯೇಕ ಸಾಲುಗಳಲ್ಲಿ ವಿದ್ಯಾರ್ಥಿಗೆ ತೋರಿಸಬೇಕು. ಬರೆವಣಿಗೆಯಲ್ಲಿ ೧೪, ಶ್ರವಣದಲ್ಲಿ ೬ ಎಂದು ಕಂಡವನಿಗೆ ತಾನು ಎಲ್ಲಿ ದುಡಿಯಬೇಕೆಂಬುದು ತಿಳಿಯುತ್ತದೆ; ಎರಡನ್ನೂ ಕೂಡಿಸಿ ೨೦ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಹಾಗೆಯೇ ಅಧ್ಯಾಪಕನಿಗೂ ತನ್ನ ಪಾಠ ಮೂರು ವರ್ಷಗಳಲ್ಲಿ ಏನನ್ನು ಬದಲಿಸಿತೆಂಬುದು ಕಾಣುತ್ತದೆ.

ಅಂಕವೆಂಬುದು ವಿದ್ಯಾರ್ಥಿಯ ವಿಷಯವಾಗಿ ಕಾಲೇಜು ನುಡಿಯುವ ಸಾಕ್ಷ್ಯ. ಅವನು ಏನನ್ನು ಮಾಡಬಲ್ಲನು, ಏನನ್ನು ಇನ್ನೂ ಮಾಡಲಾರನು ಎಂಬುದನ್ನು ಅದು ನಿಜವಾಗಿ ಹೇಳಬೇಕು. ಈ ನಾಲ್ಕು ತಾಲ್ಲೂಕುಗಳ ಅಧ್ಯಾಪಕರು ಒಂದೆಡೆ ಕೂಡಿ, ಹತ್ತು ಉತ್ತರಪತ್ರಿಕೆಗಳನ್ನು ಒಟ್ಟಿಗೆ ಓದಿ, ತಮ್ಮ ಅಂಕಗಳನ್ನು ಒಬ್ಬರೊಡನೊಬ್ಬರು ಹೋಲಿಸಿ ನೋಡಿದರೆ, ಕೆಲಸ ಅಲ್ಲಿಂದ ಆರಂಭವಾದಂತೆ.