ಹಳೇ ಮೆಟ್ಟು ಹೇಳಿದ ಕತೆ

ಅಕ್ಕಂದಿರೇ, ನಿಮ್ಮ ಹಳೇ ಚಪ್ಪಲಿಯನ್ನು ಒಮ್ಮೆ ತಿರುಗಿಸಿ ನೋಡಿ. ಹಿಮ್ಮಡಿ ಸವೆದಿದೆಯಾ? ಬಾರು ಕಿತ್ತು ಮತ್ತೆ ಹೊಲಿಸಿದ್ದೀರಾ? ನೀವು ಎಷ್ಟು ನಡೆದಿದ್ದೀರಿ, ಹೇಗೆ ನಡೆದಿದ್ದೀರಿ ಎಂದು ಚಪ್ಪಲಿಯೇ ಹೇಳುತ್ತೆ.

ಸಾವಿರ ವರ್ಷದ ಹಿಂದಿನ ಮೆಟ್ಟು ಸಿಕ್ಕರೆ? ಅದೂ ಕತೆ ಹೇಳುತ್ತೆ. ಅಂಥ ಮೆಟ್ಟುಗಳು ಇಂಗ್ಲೆಂಡ್ ದೇಶದಲ್ಲಿ ಸಿಕ್ಕಿವೆ.

ನೆಲದೊಳಗೆ ಸಿಕ್ಕ ಮೆಟ್ಟು

ಇಂಗ್ಲೆಂಡಿನಲ್ಲಿ ಯಾರ್ಕ್ ಎಂಬ ಹಳೇ ಊರಿದೆ. ಅಲ್ಲಿ ಕಾಪರ್‌ಗೇಟ್ ಎಂಬ ಬೀದಿ. 1976ರಿಂದ 1981ರವರೆಗೆ ಆ ಜಾಗವನ್ನು ನಿಧಾನವಾಗಿ ಅಗೆದರು. ಹಳೇ ಕಾಲದ ಬದುಕನ್ನು ತಿಳಿಯಲು ಹೀಗೆ ಅಗೆಯುತ್ತಾರೆ. ಇದಕ್ಕೆ ಪುರಾತತ್ವ ಶೋಧನೆ ಅಂತ ಹೆಸರು.

ಅಲ್ಲಿ ಮೆಟ್ಟುಗಳು ಸಿಕ್ಕವು. ಕತ್ತರಿಸಿ ಬಿಸಾಡಿದ ತೊಗಲ ಚೂರುಗಳು ಸಿಕ್ಕವು. ತೊಗಲಿಗೆ ತೂತು ಹಾಕುವ ಕಬ್ಬಿಣದ ಮೊನೆಗಳೂ ಸಿಕ್ಕವು.

ತೊಗಲು ಮಣ್ಣಲ್ಲಿ ಕೊಳೆಯಲಿಲ್ಲವೇ? ಅಲ್ಲಿನ ಮಣ್ಣು ಯಾವಾಗಲೂ ಒದ್ದೆ. ಅದರೊಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಕೊಳೆಯುವುದು ಬಹಳ ನಿಧಾನ. ಹೊಲಿದ ನಾರಿನ ದಾರ ಮಾತ್ರ ಕರಗಿತ್ತು. ಆದರೆ ಹೊಲಿಗೆಯ ತೂತುಗಳು ಉಳಿದಿದ್ದವು. ಆ ತೂತುಗಳನ್ನು ನೋಡಿಯೇ ಹೇಗೆ ಹೊಲಿದರು ಎಂದು ತಿಳಿದುಕೊಂಡರು.

ತೊಗಲು ಹದ ಮಾಡುವುದು

ಹಸಿ ತೊಗಲು ಹಾಗೇ ಬಿಟ್ಟರೆ ನಾರುತ್ತೆ, ಕೊಳೆಯುತ್ತೆ. ಅದನ್ನು ಹದ ಮಾಡಬೇಕು. ಮೊದಲು ತೊಳೆದು, ಸುಣ್ಣದ ನೀರಿನಲ್ಲಿ ನೆನೆಸುತ್ತಿದ್ದರು. ಕೂದಲು, ಮಾಂಸ ಹೆರೆದು ತೆಗೆಯುತ್ತಿದ್ದರು. ಆಮೇಲೆ ಮರದ ತೊಗಟೆ ಪುಡಿ ಮಾಡಿ, ನೀರಿನ ಗುಂಡಿಯಲ್ಲಿ ತೊಗಲಿನ ಜೊತೆ ಹಾಕುತ್ತಿದ್ದರು. ತೊಗಟೆಯ ಒಗರು ತೊಗಲಿಗೆ ಇಳಿಯುತ್ತೆ. ಆಗ ತೊಗಲು ಗಟ್ಟಿಯಾಗುತ್ತೆ. ನಮ್ಮ ಕಡೆ ಇದಕ್ಕೆ ತಂಗಡಿ ಗಿಡದ ತೊಗಟೆ ಬಳಸಿದರು. ಅಲ್ಲಿ ಓಕ್ ಎಂಬ ಮರದ ತೊಗಟೆ. ದಪ್ಪ ತೊಗಲು ಹದಕ್ಕೆ ಬರಲು ಒಂದು ವರ್ಷವೂ ಹಿಡಿಯುತ್ತಿತ್ತು.

ಈ ಕೆಲಸ ಬಲು ನಾತದ್ದು. ಅದಕ್ಕೇ ಹದ ಮಾಡುವವರನ್ನು ಹೆಚ್ಚಾಗಿ ಊರಿನ ಅಂಚಿಗೆ, ನೀರಿನ ಹತ್ತಿರಕ್ಕೆ ಕಳಿಸಿದರು. ಜನ ಮೂಗು ಮುಚ್ಚಿಕೊಂಡರು. ಆದರೆ ಅವರು ಹದ ಮಾಡಿದ ತೊಗಲಿನ ಮೆಟ್ಟನ್ನೇ ಹಾಕಿಕೊಂಡು ನಡೆದರು!

ಒಳಮೈ ಹೊರಗೆ

ದಿಂಬಿನ ಚೀಲ ಹೇಗೆ ಹೊಲಿಯುತ್ತೀರಿ? ಒಳಮೈ ಹೊರಗೆ ಮಾಡಿ ಹೊಲಿದು, ಆಮೇಲೆ ತಿರುಗಿಸುತ್ತೀರಿ ಅಲ್ಲವೇ? ಅವರೂ ಮೆಟ್ಟನ್ನು ಹಾಗೇ ಹೊಲಿದರು. ಅಟ್ಟೆಗೆ ಮೇಲಿನ ತೊಗಲು ಸೇರಿಸಿ ಹೊಲಿದರು. ನೆನೆಸಿ ಮೆತ್ತಗೆ ಮಾಡಿ, ತಿರುಗಿಸಿದರು. ಆಗ ಹೊಲಿಗೆ ಒಳಗೆ ಹೋಗುತ್ತೆ. ನೆಲಕ್ಕೆ ಉಜ್ಜಿ ದಾರ ಹರಿಯುವುದಿಲ್ಲ. ಎಂಥ ಜಾಣತನ ನೋಡಿ!

ಅಟ್ಟೆ ಸವೆದರೆ ಬಿಸಾಡುತ್ತಿರಲಿಲ್ಲ. ಕೆಳಗೆ ತೇಪೆ ಹಾಕಿ ಹೊಲಿಯುತ್ತಿದ್ದರು. ಪೂರಾ ಹಾಳಾದರೆ, ಗಟ್ಟಿ ಇದ್ದ ಭಾಗ ಕತ್ತರಿಸಿ ಮತ್ತೊಂದಕ್ಕೆ ಬಳಸುತ್ತಿದ್ದರು. ಲಂಡನ್ ನಗರದಲ್ಲಿ ಹೊಸ ಮೆಟ್ಟು ಮಾಡುವವರೇ ಬೇರೆ, ಹಳೇದು ರಿಪೇರಿ ಮಾಡುವವರೇ ಬೇರೆ ಇದ್ದರು.

ಚೂಪು ಮೆಟ್ಟು, ಕಾಲಿಗೆ ಪೆಟ್ಟು

ಸುಮಾರು 650 ವರ್ಷದ ಹಿಂದೆ ಅಲ್ಲಿ ಚೂಪು ಮೂತಿಯ ಮೆಟ್ಟಿನ ಷೋಕಿ ಬಂತು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಅಂಥವು ಸಿಕ್ಕಿವೆ. ಮೂತಿ ಬಾಗದಿರಲಿ ಎಂದು ಒಳಗೆ ಪಾಚಿ ತುರುಕಿದ್ದರು. 1463ರಲ್ಲಿ ಅಲ್ಲಿನ ಸರಕಾರ ಕಾನೂನನ್ನೇ ಮಾಡಿತು. ದೊಡ್ಡ ಮನೆತನದವರನ್ನು ಬಿಟ್ಟು ಬೇರೆಯವರು 2 ಅಂಗುಲಕ್ಕಿಂತ ಉದ್ದದ ಮೂತಿ ಇಡಬಾರದು ಎಂದಿತು. ಮೆಟ್ಟಿನಲ್ಲೂ ಮೇಲು ಕೀಳು!

ಕೇಂಬ್ರಿಡ್ಜ್ ಎಂಬ ಊರಿನ ಹಳೇ ಸಮಾಧಿಗಳ ಮೂಳೆಗಳನ್ನು ಪಂಡಿತರು ಪರೀಕ್ಷೆ ಮಾಡಿದರು. 2021ರಲ್ಲಿ ಅದರ ವಿಷಯ ಹೊರಬಂತು. ಚೂಪು ಮೆಟ್ಟು ಬರುವ ಮೊದಲು, ನೂರರಲ್ಲಿ 6 ಜನರ ಹೆಬ್ಬೆರಳು ಓರೆಯಾಗಿತ್ತು. ಬಂದ ಮೇಲೆ ನೂರರಲ್ಲಿ 27 ಜನರಿಗೆ ಹಾಗಾಗಿತ್ತು. ಕಾಲು ಹಿಂಡುವ ಚಪ್ಪಲಿ ಇಂದಿಗೂ ಒಳ್ಳೇದಲ್ಲ. ಕೊಳ್ಳುವಾಗ ಬೆರಳಿಗೆ ಜಾಗ ಇದೆಯಾ ನೋಡಿ.

ಬರೆಯದವರ ಕತೆ

ಆ ಕಾಲದ ಪುಸ್ತಕಗಳಲ್ಲಿ ರಾಜರ ಹೆಸರಿದೆ. ಯುದ್ಧಗಳ ಕತೆ ಇದೆ. ಕಾಪರ್‌ಗೇಟಿನಲ್ಲಿ ಮೆಟ್ಟು ಹೊಲಿದವರ ಹೆಸರು ಎಲ್ಲಿದೆ? ಎಲ್ಲೂ ಇಲ್ಲ. ಅವರ ಕೈಕೆಲಸವನ್ನು ಒದ್ದೆ ಮಣ್ಣು ಕಾಪಾಡಿತು. ಅದರಿಂದಲೇ ಅವರ ಜಾಣತನ ನಮಗೆ ಗೊತ್ತಾಯಿತು.

ಅಕ್ಕಂದಿರೇ, ನಿಮಗೆ ಈಗ ಅಕ್ಷರ ಬಂದಿದೆ. ನಿಮ್ಮ ಮನೆಯ ಕಸುಬು ಯಾವುದು? ಅದನ್ನು ಯಾರಿಂದ ಕಲಿತಿರಿ? ನಾಲ್ಕು ಸಾಲು ಬರೆದಿಡಿ. ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ. ನಿಮ್ಮ ಕತೆ ತಿಳಿಯಲು ಮುಂದಿನವರು ನೆಲ ಅಗೆಯಬೇಕಾಗಿಲ್ಲ.